ಬರೆಯುವ ಕೈ, ಬಚ್ಚಿಡುವ ಕೈ

ಜಾದೂಗಾರನಾದವನು ಬಾಯಿ ಬಿಡಬಾರದು ಎಂಬುದು ಕಸುಬಿನ ಮೊದಲ ಪಾಠ. 1905ರಲ್ಲಿ ಲಂಡನ್ನಿನಲ್ಲಿ ಶುರುವಾದ ಮ್ಯಾಜಿಕ್ ಸರ್ಕಲ್ ಎಂಬ ಸಂಘ ಅದನ್ನೇ ಲ್ಯಾಟಿನ್ನಿನಲ್ಲಿ ಧ್ಯೇಯವಾಕ್ಯ ಮಾಡಿಕೊಂಡಿದೆ. ನಮ್ಮ ಕಡೆಯ ಗಾರುಡಿಗರಿಗೆ ಲ್ಯಾಟಿನ್ ಬೇಕಿರಲಿಲ್ಲ. ಮಗನಿಗೆ ಕಲಿಸಿದ್ದನ್ನು ಅಳಿಯನಿಗೆ ಕಲಿಸುತ್ತಿರಲಿಲ್ಲ, ಅಷ್ಟೇ. ನಾನೋ, ಹಗಲು ಬ್ಯಾಂಕಿನ ಕ್ಯಾಶ್ ಕೌಂಟರಿನಲ್ಲಿ ನೋಟು ಎಣಿಸುತ್ತಿದ್ದವನು, ಸಂಜೆ ವೇದಿಕೆ ಹತ್ತಿ ಅಂಥದೇ ನೋಟನ್ನು ಮಾಯ ಮಾಡುವವನು, ರಾತ್ರಿ ಊಟವಾದ ಮೇಲೆ ಕಾಗದ ಹರವಿಕೊಂಡು ಜಾದೂ ಬಗ್ಗೆ ಬರೆಯುವವನು. ಮೊದಲ ಎರಡು ಕೆಲಸಕ್ಕೆ ಯಾರ ತಕರಾರೂ ಇರಲಿಲ್ಲ. ಒಳಗೆ ಕೂತವನು ಜಾದೂಗಾರ ಎಂದು ಗೊತ್ತಾದ ಮೇಲೆ ಕೆಲವು ಗಿರಾಕಿಗಳು ಕೈಗೆ ಬಂದ ದುಡ್ಡನ್ನು ಅಲ್ಲೇ ನಿಂತು ಎರಡೆರಡು ಸಲ ಎಣಿಸಿಕೊಳ್ಳುತ್ತಿದ್ದರು, ಅದೊಂದನ್ನು ಬಿಡಿ. ತಕರಾರು ಎದ್ದದ್ದೆಲ್ಲ ಮೂರನೆಯ ಕೆಲಸಕ್ಕೆ: ಜೊತೆಯ ಜಾದೂಗಾರರಿಂದ, ಬೀದಿಯ ಗಾರಡಿಯವರಿಂದ, ವಿಚಾರವಾದಿ ಗೆಳೆಯರಿಂದ, ಈಗ ಕೊನೆಗೆ ಪ್ರಕಾಶಕರಿಂದಲೂ.

ಬಳ್ಳಾರಿಯಲ್ಲಿ ಬೆಳೆದವನಿಗೆ ತೆಲುಗು ಯಾರೂ ಕಲಿಸಬೇಕಿಲ್ಲ, ಬೀದಿಗಿಳಿದರೆ ತಾನೇ ಅಂಟಿಕೊಳ್ಳುತ್ತದೆ. ನಮ್ಮ ಮನೆಗೆ ಕನ್ನಡದ ‘ಚಂದಮಾಮ’ ಬರುತ್ತಿತ್ತು, ಪಕ್ಕದ ಮನೆಗೆ ತೆಲುಗಿನದು. ಚಿತ್ರಗಳು ಎರಡರಲ್ಲೂ ಒಂದೇ ಆದ್ದರಿಂದ ಮಾಂತ್ರಿಕರ ಗಡ್ಡ, ಮಂತ್ರದಂಡಗಳ ಬಗ್ಗೆ ಎರಡು ಮನೆಯ ಹುಡುಗರಿಗೂ ಒಂದೇ ತಿಳಿವಳಿಕೆ. ಜಾದೂಗಾರ ಗೋಗಿಯಾ ಪಾಷಾನ ‘ಗಿಲಿ ಗಿಲಿ’ ಶಾಲೆಯ ಹುಡುಗರೆಲ್ಲರ ಬಾಯಲ್ಲಿ ಓಡಾಡುತ್ತಿತ್ತು. ಪಿ. ಸಿ. ಸೊರ್ಕಾರರ ‘ಇಂದ್ರಜಾಲ’ ನೋಡುವ ಯೋಗ ಮಾತ್ರ ನನಗಿರಲಿಲ್ಲ. 1971ರ ಜನವರಿ 6ರಂದು, ಜಪಾನಿನಲ್ಲಿ ಪ್ರದರ್ಶನ ಕೊಡುತ್ತಿದ್ದಾಗಲೇ ಅವರು ತೀರಿಕೊಂಡರು, ನಾನಿನ್ನೂ ಹೈಸ್ಕೂಲಿನಲ್ಲಿದ್ದೆ. ನನಗೆ ದಕ್ಕಿದ್ದು ಅವರ ಪುಸ್ತಕ. 1960ರಲ್ಲಿ ಬಂದ ‘ಸೊರ್ಕಾರ್ ಆನ್ ಮ್ಯಾಜಿಕ್’ ಅನ್ನು ಡಿಕ್ಷನರಿ ಪಕ್ಕದಲ್ಲಿಟ್ಟುಕೊಂಡು ಓದಿದೆ. ಜಗತ್ತಿನಾದ್ಯಂತ ವೇದಿಕೆ ಕಟ್ಟಿ ಆಡಿದ ಮನುಷ್ಯ ಬಂಗಾಳಿಯಲ್ಲೂ ಇಂಗ್ಲಿಷಿನಲ್ಲೂ ಕೂತು ಪುಸ್ತಕಗಳನ್ನು ಬರೆದಿದ್ದಾನಲ್ಲ ಎಂಬುದೇ ನನಗೆ ಅವರ ಎಲ್ಲ ಆಟಗಳಿಗಿಂತ ದೊಡ್ಡದಾಗಿ ಕಂಡಿತ್ತು.

ಸೊರ್ಕಾರರ ಒಂದು ಕಥೆಯನ್ನಂತೂ ನಾನು ಸಿಕ್ಕಿದವರಿಗೆಲ್ಲ ಹೇಳಿದ್ದೇನೆ. 1956ರ ಏಪ್ರಿಲ್‌ನಲ್ಲಿ ಬಿಬಿಸಿಯ ‘ಪನೋರಮಾ’ ಕಾರ್ಯಕ್ರಮ. ಹುಡುಗಿಯೊಬ್ಬಳನ್ನು ಮೇಜಿನ ಮೇಲೆ ಮಲಗಿಸಿ ವಿದ್ಯುತ್ ಗರಗಸದಿಂದ ಕೊಯ್ದರು. ಆಮೇಲೆ ಅವಳನ್ನು ಎಬ್ಬಿಸಲು ನೋಡಿದರು. ಅವಳು ಏಳಲಿಲ್ಲ. ಅಷ್ಟರಲ್ಲಿ ನಿರೂಪಕರು ಮುಂದೆ ಬಂದು ಕಾರ್ಯಕ್ರಮ ಮುಗಿಯಿತು ಎಂದುಬಿಟ್ಟರು. ಹುಡುಗಿ ಸತ್ತೇಹೋದಳೇನೋ ಎಂದು ಗಾಬರಿಯಾದ ಜನರ ಫೋನುಗಳಿಂದ ಬಿಬಿಸಿಯ ಲೈನುಗಳು ಕಟ್ಟಿಕೊಂಡವು. ಮರುದಿನದ ಪತ್ರಿಕೆಗಳಲ್ಲಿ ಸೊರ್ಕಾರ್ ಹೆಸರು. ಸಮಯ ಮೀರಿದ್ದು ಆಕಸ್ಮಿಕವೋ ಲೆಕ್ಕಾಚಾರವೋ ಎಂದು ಜಾದೂಗಾರರು ಇವತ್ತಿಗೂ ವಾದಿಸುತ್ತಾರೆ. ನನ್ನ ಮತ ಲೆಕ್ಕಾಚಾರದ ಕಡೆಗೇ.

ಬ್ಯಾಂಕು ನನ್ನನ್ನು ವಿಜಯವಾಡಕ್ಕೆ ಕಳಿಸಿದ್ದು 1977ರ ಬೇಸಿಗೆಯಲ್ಲಿ. ಬಳ್ಳಾರಿಯ ಬಿಸಿಲಿಗೆ ಹೆದರದವನು ವಿಜಯವಾಡದ ಮೇ ತಿಂಗಳಿಗೆ ಸೋತೆ. ಬಳ್ಳಾರಿಯದು ಒಣಬಿಸಿಲು, ಇಲ್ಲಿ ಕೃಷ್ಣಾ ನದಿ, ಊರೊಳಗೆಲ್ಲ ಕಾಲುವೆಗಳು, ಹಾಗಾಗಿ ಬಿಸಿಲಿನ ಜೊತೆ ಬೆವರು. ಜಾದೂಗಾರನಿಗೆ ಬೆವರಿನಂಥ ಶತ್ರು ಇನ್ನೊಂದಿಲ್ಲ. ಅಂಗೈಯಲ್ಲಿ ಅಡಗಿರಬೇಕಾದ ನಾಣ್ಯ ಜಾರುತ್ತದೆ, ಜಾರಬೇಕಾದ ಎಲೆ ಅಂಟಿಕೊಳ್ಳುತ್ತದೆ. ಗಾಂಧಿನಗರದ ಹನುಮಂತರಾಯ ಗ್ರಂಥಾಲಯದ ವೇದಿಕೆ ನಾಟಕದವರ ಪ್ರೀತಿಯ ಜಾಗ. ಅಲ್ಲಿ ನಮ್ಮ ನೌಕರರ ವಾರ್ಷಿಕೋತ್ಸವದಲ್ಲಿ ನಾನು ಮೊದಲ ಸಲ ತೆಲುಗಿನಲ್ಲಿ ಆಟ ಕಟ್ಟಿದೆ. ನನ್ನ ಬಳ್ಳಾರಿ ತೆಲುಗಿಗೆ ಜನ ನಕ್ಕರು, ನಗುವಾಗ ಅವರ ಕಣ್ಣು ನನ್ನ ಕೈ ಬಿಟ್ಟು ಮುಖಕ್ಕೆ ಬಂತು. ಎಷ್ಟೋ ಪುಸ್ತಕ ಓದಿದರೂ ತಿಳಿಯದ ಪಾಠವನ್ನು ಆ ನಗು ಕಲಿಸಿತು. ಅಂದಿನಿಂದ ನನ್ನ ತೆಲುಗನ್ನು ತಿದ್ದಿಕೊಳ್ಳುವ ಗೋಜಿಗೇ ಹೋಗಲಿಲ್ಲ.

ಪುಸ್ತಕದ ವಿಷಯಕ್ಕೆ ವಿಜಯವಾಡದಂಥ ಊರಿಲ್ಲ. ಏಲೂರು ರಸ್ತೆಯಲ್ಲಿ ಸಾಲಾಗಿ ಪ್ರಕಾಶಕರು, ಲೆನಿನ್ ಸೆಂಟರಿನಲ್ಲಿ ಹಳೆಯ ಪುಸ್ತಕದ ಅಂಗಡಿಗಳು. ಪ್ರೊಫೆಸರ್ ಹಾಫ್‌ಮನ್ ಬರೆದ ‘ಮಾಡರ್ನ್ ಮ್ಯಾಜಿಕ್’ ಅಲ್ಲಿಯೇ ಸಿಕ್ಕಿತು, ಹೊದಿಕೆ ಕಿತ್ತುಹೋಗಿದ್ದ ಪ್ರತಿ. 1876ರಲ್ಲಿ ಬಂದ ಆ ಪುಸ್ತಕವನ್ನು ಬರೆದವನ ನಿಜವಾದ ಹೆಸರು ಏಂಜೆಲೊ ಲೂಯಿಸ್, ವೃತ್ತಿಯಿಂದ ವಕೀಲ. ವೇದಿಕೆಯ ಮೇಲೆ ಬದುಕು ಕಟ್ಟಿಕೊಳ್ಳದ ವಕೀಲನೊಬ್ಬ ವೇದಿಕೆಯವರ ಗುಟ್ಟನ್ನೆಲ್ಲ ಪುಸ್ತಕಕ್ಕೆ ಇಳಿಸಿದ. ಇನ್ನು ಜಾದೂ ಕಥೆ ಮುಗಿಯಿತು ಎಂದು ಆಗಿನ ಜಾದೂಗಾರರು ಗೋಳಾಡಿದರು. ಆದದ್ದು ತಿರುಗುಮುರುಗು. ಆ ಪುಸ್ತಕ ಓದಿಯೇ ಒಂದು ಹೊಸ ತಲೆಮಾರು ಜಾದೂಗಾರರು ತಯಾರಾದರು. ಗುಟ್ಟು ಬರೆದರೆ ಕಸುಬು ಸಾಯುತ್ತದೆ ಎನ್ನುವವರಿಗೆ ನಾನು ಕೊಡುತ್ತಿದ್ದ ಮೊದಲ ಉದಾಹರಣೆ ಇದು. ಪೂರ್ತಿ ಸರಿಯಾದ ಉದಾಹರಣೆಯಲ್ಲ ಎಂದು ಆಮೇಲೆ ಒಬ್ಬ ಮುದುಕ ತೋರಿಸಿಕೊಟ್ಟ. ಅದಕ್ಕೆ ಬರುತ್ತೇನೆ.

ಅದೇ ವರ್ಷ ನವೆಂಬರ್ 19ರಂದು ದಿವಿಸೀಮೆಯ ಚಂಡಮಾರುತ. ಸಮುದ್ರವೇ ಎದ್ದು ಕೃಷ್ಣಾ ಜಿಲ್ಲೆಯ ಕರಾವಳಿಯ ಹಳ್ಳಿಗಳ ಮೇಲೆ ಬಿತ್ತು. ಹತ್ತು ಸಾವಿರಕ್ಕೂ ಹೆಚ್ಚು ಜನ ಸತ್ತರು. ಸಹೋದ್ಯೋಗಿಗಳು ಸೇರಿ ಬಟ್ಟೆ, ಅಕ್ಕಿ ಕೂಡಿಸಿ ಲಾರಿಯಲ್ಲಿ ಅವನಿಗಡ್ಡದ ಕಡೆ ಹೊರಟಾಗ, ಮಕ್ಕಳಿದ್ದಾರೆ, ಆಟದ ಸಾಮಾನೂ ತಗೊಂಡು ಬಾ ಎಂದರು. ಹಿಂಜರಿಕೆಯಿಂದಲೇ ಪೆಟ್ಟಿಗೆ ಎತ್ತಿಕೊಂಡೆ. ಶಾಲೆಯ ಕಟ್ಟಡದಲ್ಲಿ ಶಿಬಿರ. ಆಟಕ್ಕೆ ಮುಂಚೆ ಅಲ್ಲಿನ ಮೇಷ್ಟ್ರು ನನ್ನನ್ನು ಪಕ್ಕಕ್ಕೆ ಕರೆದರು. “ಮಾಯಂ ಚೆಯ್ಯೊದ್ದಂಡಿ, ತೆಪ್ಪಿಂಚೇವೇ ಚೂಪಿಂಚಂಡಿ” ಎಂದರು. ಮಾಯ ಮಾಡುವ ಆಟ ಬೇಡ, ಏನನ್ನಾದರೂ ತರಿಸುವ ಆಟಗಳನ್ನಷ್ಟೇ ತೋರಿಸಿ ಎಂದು.

ನನಗೆ ತಟ್ಟನೆ ಹೊಳೆದಿರಲಿಲ್ಲ. ಪೆಟ್ಟಿಗೆ ತೆರೆದು ನೋಡುತ್ತೇನೆ, ನನ್ನ ಆಟದಲ್ಲಿ ಮುಕ್ಕಾಲು ಪಾಲು ಇಲ್ಲವಾಗಿಸುವುದೇ. ಕರವಸ್ತ್ರ ಇಲ್ಲ, ಮೊಟ್ಟೆ ಇಲ್ಲ, ಹಾಲು ಇಲ್ಲ. ಜಾದೂವಿನ ಖುಷಿ ಎಲ್ಲ ಅಡಗಿರುವುದು ಇದ್ದದ್ದು ಇಲ್ಲವಾಗುವ ಕ್ಷಣದಲ್ಲಿ ಎಂದು ಅಲ್ಲಿಯವರೆಗೆ ನಂಬಿದ್ದವನು ನಾನು. ಆ ಮಕ್ಕಳ ಮುಂದೆ ಒಂದನ್ನೂ ಮಾಯ ಮಾಡದೆ, ಖಾಲಿ ಕೊಳವೆಯಿಂದ ರೇಷ್ಮೆ ವಸ್ತ್ರ, ಖಾಲಿ ಕಾಗದದ ಪೊಟ್ಟಣದಿಂದ ಪೆಪ್ಪರಮೆಂಟು, ಖಾಲಿ ಕೈಯಿಂದ ನಾಣ್ಯ ತೆಗೆಯುತ್ತ ಹೋದೆ. ಹಿತ್ತಾಳೆಯ ಚೊಂಬೊಂದಿದೆ, ‘ವಾಟರ್ ಆಫ್ ಇಂಡಿಯಾ’ ಎನ್ನುತ್ತೇವೆ. ಬೋರಲು ಹಾಕಿ ಪೂರ್ತಿ ಖಾಲಿ ಮಾಡಿದರೂ ಸ್ವಲ್ಪ ಹೊತ್ತಿನಲ್ಲಿ ಮತ್ತೆ ನೀರು ಸುರಿಯುತ್ತದೆ. ಸೊರ್ಕಾರ್ ಅದನ್ನು ಆಟದುದ್ದಕ್ಕೂ ನಡುನಡುವೆ ಎತ್ತಿ ಸುರಿದು ನಗಿಸುತ್ತಿದ್ದರು. ಅದನ್ನು ಕೈಗೆತ್ತಿಕೊಂಡವನು, ನೀರಿಗೆ ಹೆದರಿದ ಮಕ್ಕಳು ಇವರು ಎಂದು ನೆನಪಾಗಿ ಮತ್ತೆ ಪೆಟ್ಟಿಗೆಯೊಳಗಿಟ್ಟೆ. ಊರಿಗೆ ಬಂದ ಮೇಲೆ ಬರೆದ ಮೊದಲ ಗಂಭೀರ ಲೇಖನ ಇದೇ: ಯಾವ ಆಟವನ್ನು ಯಾರ ಮುಂದೆ ಆಡಬಾರದು ಎಂಬುದು. ಅದರಲ್ಲಿ ಒಂದು ಗುಟ್ಟೂ ಇರಲಿಲ್ಲ. ಕನ್ನಡದ ವಾರಪತ್ರಿಕೆಯೊಂದು ಅದನ್ನು ಪ್ರಕಟಿಸಿ, ಮುಂದಿನ ಸಲ ‘ಟ್ರಿಕ್’ ಇರುವಂಥದು ಕಳಿಸಿ ಎಂದು ಕಾರ್ಡು ಬರೆಯಿತು.

ವಿಜಯವಾಡದ ಪಟಮಟದಲ್ಲಿ ನಾಸ್ತಿಕ ಕೇಂದ್ರವಿದೆ. ಸಸ್ಯಶಾಸ್ತ್ರದ ಅಧ್ಯಾಪಕರಾಗಿದ್ದು, ದೇವರಿಲ್ಲ ಎಂದದ್ದಕ್ಕೆ ಕೆಲಸ ಕಳೆದುಕೊಂಡ ಗೋಪರಾಜು ರಾಮಚಂದ್ರರಾವ್, ಎಲ್ಲರ ಬಾಯಲ್ಲಿ ‘ಗೋರಾ’, 1940ರಲ್ಲಿ ಮುದುನೂರಿನಲ್ಲಿ ಕಟ್ಟಿ 1947ರಲ್ಲಿ ಇಲ್ಲಿಗೆ ತಂದ ಸಂಸ್ಥೆ. ನಾನು ಹೋಗುವಷ್ಟರಲ್ಲಿ ಗೋರಾ ಇರಲಿಲ್ಲ. 1975ರ ಜುಲೈನಲ್ಲಿ ಭಾಷಣ ಮಾಡುತ್ತಿರುವಾಗಲೇ ತೀರಿಕೊಂಡಿದ್ದರು. ಸರಸ್ವತಿ ಗೋರಾ, ಲವಣಂ, ವಿಜಯಂ ಅವರೆಲ್ಲ ಕೆಲಸ ಮುಂದುವರಿಸಿದ್ದರು. ನಮ್ಮಲ್ಲೂ ಅದೇ ಗಾಳಿ ಬೀಸುತ್ತಿದ್ದ ಕಾಲ. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿ ಎಚ್. ನರಸಿಂಹಯ್ಯನವರು (ಎಚ್ಚೆನ್) 1976ರಲ್ಲಿ ಪವಾಡಗಳ ತನಿಖೆಗೆ ಸಮಿತಿ ರಚಿಸಿದ್ದರು, ಸತ್ಯಸಾಯಿ ಬಾಬಾ ಅವರಿಗೆ ಬರೆದ ಮೂರು ಪತ್ರಗಳಿಗೆ ಉತ್ತರ ಬಂದಿರಲಿಲ್ಲ. ಬಾಬಾ ಉಂಗುರದ ಬದಲು ಒಂದು ಕುಂಬಳಕಾಯಿ ಸೃಷ್ಟಿಸಲಿ ಎಂಬ ಎಚ್ಚೆನ್ ಮಾತನ್ನು ನಾನು ಪಟಮಟದಲ್ಲಿ ತೆಲುಗಿಗೆ ತಂದು ಹೇಳಿದಾಗ ಬಿದ್ದ ಚಪ್ಪಾಳೆ ಇನ್ನೂ ಕಿವಿಯಲ್ಲಿದೆ. ತೋಳಿನೊಳಗೆ ಏನು ಹಿಡಿಯುತ್ತದೆ, ಏನು ಹಿಡಿಯುವುದಿಲ್ಲ ಎಂಬುದು ಜಾದೂಗಾರನಷ್ಟು ಚೆನ್ನಾಗಿ ಇನ್ನಾರಿಗೂ ಗೊತ್ತಿರುವುದಿಲ್ಲ. ಭೌತಶಾಸ್ತ್ರದ ಮೇಷ್ಟ್ರಾದ ಎಚ್ಚೆನ್ ಅದನ್ನು ಕಂಡುಕೊಂಡಿದ್ದರು.

ಪವಾಡ ಬಯಲು ಕಾರ್ಯಕ್ರಮಗಳಿಗೆ ನನ್ನಂಥವರು ಬೇಕಾಗುತ್ತಿದ್ದರು. ಕೆಂಡದ ಮೇಲೆ ನಡೆಯುವುದನ್ನು ಕೇಂದ್ರದವರು ಬಹಿರಂಗವಾಗಿ ಮಾಡಿ ತೋರಿಸುತ್ತಿದ್ದರು. ನಮ್ಮ ಕೊಂಡ ಹಾಯುವ ಜಾತ್ರೆಗಳನ್ನು ನೋಡಿದ ನನಗೆ, ಹರಕೆಯಿಲ್ಲದೆ, ಮಡಿಯಿಲ್ಲದೆ, ಸಿಗರೇಟು ಆರಿಸಿ ಬಂದವನೂ ಹಾಯುವುದನ್ನು ಕಂಡು ವಿಚಿತ್ರ ಸಂಕಟವೂ ಆಯಿತು, ನಗುವೂ ಬಂತು. ಕಟ್ಟಿಗೆಯ ಕೆಂಡ ಶಾಖವನ್ನು ಬಲು ನಿಧಾನ ಬಿಟ್ಟುಕೊಡುತ್ತದೆ, ಮೇಲಿನ ಬೂದಿ ಇನ್ನಷ್ಟು ತಡೆಯುತ್ತದೆ, ಪಾದ ನೆಲದ ಮೇಲಿರುವುದು ಕ್ಷಣಮಾತ್ರ. ನಿಂತರೆ ಸುಡುತ್ತದೆ, ನಾಸ್ತಿಕನನ್ನೂ ಆಸ್ತಿಕನನ್ನೂ ಸಮನಾಗಿ.

ನನ್ನ ಪಾಲಿಗೆ ಬಂದದ್ದು ನಾಣ್ಯದ ಭಸ್ಮ. ಆಗೆಲ್ಲ ಹಳ್ಳಿಗೆ ಬರುತ್ತಿದ್ದ ಬಾಬಾಗಳ ಮೆಚ್ಚಿನ ಪವಾಡ ಅದು. ಭಕ್ತನ ಕೈಯಲ್ಲಿ ಹತ್ತು ಪೈಸೆಯ ಅಲ್ಯೂಮಿನಿಯಂ ನಾಣ್ಯ ಇಟ್ಟು ಮುಷ್ಟಿ ಬಿಗಿಸಲು ಹೇಳುತ್ತಾರೆ. ಸ್ವಲ್ಪ ಹೊತ್ತಿಗೆ ಕೈ ಬಿಸಿಯಾಗುತ್ತದೆ, ತೆರೆದರೆ ನಾಣ್ಯದಿಂದ ಬೂದಿ ಉದುರುತ್ತಿರುತ್ತದೆ. ಪಾದರಸದ ಲವಣ ತಾಗಿಸಿದ ಅಲ್ಯೂಮಿನಿಯಂ ತನ್ನ ಮೇಲಿನ ರಕ್ಷಣೆಯ ಪದರ ಕಳೆದುಕೊಂಡು, ಗಾಳಿಯ ತೇವಕ್ಕೆ ಬಿಸಿಯಾಗುತ್ತ ಬಿಳಿಪುಡಿಯಾಗುತ್ತದೆ, ಇಷ್ಟೇ. ಆದರೆ ಆ ಲವಣ ಘೋರ ವಿಷ. ಆ ‘ಭಸ್ಮ’ವನ್ನು ಪ್ರಸಾದವೆಂದು ನಾಲಿಗೆಗೆ ಹಚ್ಚಿಕೊಂಡವರನ್ನು ನಾನು ನೋಡಿದ್ದೇನೆ. ಇದನ್ನು ಕನ್ನಡದಲ್ಲೂ ತೆಲುಗಿನಲ್ಲೂ, ಒಂದಿನಿತೂ ಬಚ್ಚಿಡದೆ ಬರೆದೆ. ಬರೆದದ್ದಕ್ಕೆ ಜಾದೂಗಾರರ ವಲಯದಿಂದ ಬೈಗುಳ ಬಂತು: ಇವತ್ತು ಭಸ್ಮ, ನಾಳೆ ನಮ್ಮ ಪೆಟ್ಟಿಗೆ. ಈ ಆಟಕ್ಕೆ ನಿಜವಾದ ಕೊನೆ ಹಾಡಿದ್ದು ನನ್ನ ಲೇಖನವಲ್ಲ. ಬೆಲೆ ಏರಿ ಹತ್ತು ಪೈಸೆಗೆ ಏನೂ ಬಾರದಂತಾಯಿತು, ಅಲ್ಯೂಮಿನಿಯಂ ನಾಣ್ಯಗಳು ಜೇಬಿನಿಂದ ಮರೆಯಾದವು. 2011ರ ಜೂನ್ 30ರಂದು ಇಪ್ಪತ್ತೈದು ಪೈಸೆ ಮತ್ತು ಅದಕ್ಕೂ ಕೆಳಗಿನ ನಾಣ್ಯಗಳ ಚಲಾವಣೆಯನ್ನೇ ಕೇಂದ್ರ ಸರಕಾರ ನಿಲ್ಲಿಸಿತು. ವಿಚಾರವಾದಿಗಳಿಗೆ ಆಗದ್ದನ್ನು ಹಣದುಬ್ಬರ ಮಾಡಿತು ಎಂದು ನಾನು ತಮಾಷೆ ಮಾಡುವುದುಂಟು.

ಪಟಮಟದ ಗೆಳೆಯರ ಜೊತೆ ನನಗಿದ್ದ ಭಿನ್ನಾಭಿಪ್ರಾಯ ಒಂದೇ. ಅವರಲ್ಲಿ ಕೆಲವರಿಗೆ ಎಲ್ಲ ಗುಟ್ಟೂ ಒಂದೇ, ಎಲ್ಲವೂ ಬಯಲಾಗಬೇಕು. ಬೀದಿಯಲ್ಲಿ ಬಟ್ಟಲು ಚೆಂಡಿನ ಆಟ ಆಡುವವನದೂ, ಭಸ್ಮ ಕೊಡುವವನದೂ. ನನಗೆ ಅದು ಒಪ್ಪಿಗೆಯಾಗಲಿಲ್ಲ, ಯಾಕೆ ಎಂದು ಹೇಳಲೂ ಬರುತ್ತಿರಲಿಲ್ಲ. ಹೇಳಿಕೊಟ್ಟವನು ಬಂದರ್ ಕಾಲುವೆಯ ಹತ್ತಿರ ಸಂಜೆ ಹೊತ್ತು ಡೋಲು ಬಡಿದು ಜನ ಸೇರಿಸುತ್ತಿದ್ದ ಗಾರಡಿ ತಾತ.

ತಾತನ ಹತ್ತಿರ ಇದ್ದದ್ದು ಮೂರು ಬಟ್ಟಲು, ಬಟ್ಟೆಯ ನಾಲ್ಕು ಉಂಡೆ, ಒಂದು ಡೋಲು, ಬೈಗುಳ ತಿನ್ನಲೆಂದೇ ಇದ್ದ ಒಬ್ಬ ಮೊಮ್ಮಗ. ಮೇಜಿಲ್ಲ, ಬೆಳಕಿನ ವ್ಯವಸ್ಥೆಯಿಲ್ಲ, ಹಿಂದೆ ಪರದೆಯಿಲ್ಲ; ಸುತ್ತ ನಾಲ್ಕೂ ಕಡೆ ಜನ. ವೇದಿಕೆಯ ಜಾದೂಗಾರನಿಗೆ ಬೆನ್ನ ಹಿಂದೆ ಯಾರಾದರೂ ನಿಂತರೆ ಅರ್ಧ ಆಟ ಸತ್ತಂತೆ. ತಾತ ಕುಕ್ಕರಗಾಲಲ್ಲಿ ಕೂತು, ಎಲ್ಲ ದಿಕ್ಕಿನ ಕಣ್ಣಿಗೂ ಒಂದೇ ಸಮಯಕ್ಕೆ ಮಣ್ಣೆರಚುತ್ತಿದ್ದ. ಅವನ ಕೈ ಎಂದೂ ನೇರ ದಾರಿಯಲ್ಲಿ ಹೋಗುತ್ತಿರಲಿಲ್ಲ. ಕಮಾನಿನಂತೆ ಬಾಗಿ ಏಳುತ್ತಿತ್ತು, ನೋಡುವವರ ಕಣ್ಣೂ ಅದರ ಹಿಂದೆ ಹೋಗುತ್ತಿತ್ತು, ಇನ್ನೊಂದು ಕೈ ತನ್ನ ಕೆಲಸ ಮುಗಿಸುತ್ತಿತ್ತು. 2008ರಲ್ಲಿ ಮಿದುಳು ವಿಜ್ಞಾನಿಗಳೂ ಅಮೆರಿಕದ ಜಾದೂಗಾರರೂ ಕೂಡಿ ‘ನೇಚರ್ ರಿವ್ಯೂಸ್ ನ್ಯೂರೋಸೈನ್ಸ್’ ಪತ್ರಿಕೆಯಲ್ಲಿ ಗಮನ ಮತ್ತು ಜಾದೂ ಕುರಿತು ಒಂದು ಪ್ರಬಂಧ ಬರೆದರು. ಆ ಮಾತು ಶುರುವಾದ ಮೇಲೆ, ನೇರ ಚಲನೆಗಿಂತ ಬಾಗಿದ ಚಲನೆ ಕಣ್ಣನ್ನು ಹೆಚ್ಚು ಎಳೆದೊಯ್ಯುತ್ತದೆ ಎಂಬ ಜಾದೂಗಾರರ ಅನುಭವವನ್ನೂ ಪ್ರಯೋಗಶಾಲೆಯಲ್ಲಿ ಪರೀಕ್ಷೆಗಿಟ್ಟರು. ಓದುವಾಗ ನನಗೆ ತಾತನ ಮೊಣಕೈ ಕಣ್ಣಿಗೆ ಕಟ್ಟಿತು.

ಅವನ ಬಗ್ಗೆ ಬರೆಯುತ್ತೇನೆ ಎಂದಾಗ ಹಿಗ್ಗಿದ. ಬಟ್ಟಲಿನ ಆಟದ ಬಗೆ ಬರೆಯಲೇ ಎಂದು ಕೇಳಿದಾಗ ಡೋಲು ಕೆಳಗಿಟ್ಟ. “ಮಾ ಕೂಡು ಪೇಪರ್‌ಲೋ ವೆಯ್ಯಕಂಡಿ ಬಾಬೂ” ಎಂದ. ನಮ್ಮ ಕೂಳನ್ನು ಪೇಪರಿಗೆ ಹಾಕಬೇಡಿ ಸ್ವಾಮಿ, ಎಂದು. ಹಾಫ್‌ಮನ್ ಪುಸ್ತಕ ಹೊಸ ಜಾದೂಗಾರರನ್ನು ಹುಟ್ಟಿಸಿತು ಎಂಬ ನನ್ನ ವಾದವನ್ನು ಅವನಿಗೆ ಹೇಗೆ ಹೇಳುವುದು? ಹಾಫ್‌ಮನ್ ಬರೆದದ್ದು ಟಿಕೆಟ್ ಇಟ್ಟು ಆಡುವವರ ಗುಟ್ಟು. ಜನ ಟಿಕೆಟ್ ಕೊಂಡು ಒಳಗೆ ಬಂದ ಮೇಲೆ ಗುಟ್ಟು ಗೊತ್ತಿದ್ದರೂ ಕೂತು ನೋಡುತ್ತಾರೆ. ಬೀದಿಯಲ್ಲಿ ಆಟ ಮುಗಿಯುವವರೆಗೆ ಕಾಸು ಬೀಳುವುದಿಲ್ಲ. ‘ಓ ಅದಾ, ನಂಗೊತ್ತು’ ಎನ್ನುವ ಒಬ್ಬ ಹುಡುಗ ಸಾಕು, ಗುಂಪು ಚದುರಲು. ಭಸ್ಮದ ಬಾಬಾ ಗುಟ್ಟನ್ನು ಇಟ್ಟುಕೊಂಡದ್ದು ಇವನು ದೇವರು ಎಂದು ಜನ ನಂಬಲಿ ಎಂದು. ತಾತ ಒಂದು ದಿನವೂ ಹಾಗೆ ಹೇಳಿಕೊಳ್ಳಲಿಲ್ಲ; ಡೋಲು ಬಡಿಯುವಾಗಲೇ ಇದು ಹೊಟ್ಟೆಪಾಡಿನ ಕಣ್ಕಟ್ಟು ಎಂದು ಕೂಗಿ ಹೇಳುತ್ತಿದ್ದ. ಸುಳ್ಳೆಂದು ಹೇಳಿಯೇ ಆಡುವವನ ಗುಟ್ಟು ಅವನ ಆಸ್ತಿ. ನಿಜವೆಂದು ನಂಬಿಸಿ ದುಡ್ಡು ಕೀಳುವವನ ಗುಟ್ಟಿಗೆ ಆ ಹಕ್ಕಿಲ್ಲ. ಅಲ್ಲಿಂದಾಚೆ ಬರೆದದ್ದೆಲ್ಲ ಈ ಲೆಕ್ಕದ ಮೇಲೆ.

ತಾತನಂಥವರ ಹಿಂದೆ ಎಷ್ಟು ದೊಡ್ಡ ಚರಿತ್ರೆ ಇದೆ ಎಂದು ಹುಡುಕತೊಡಗಿದ್ದೂ ಆಗಲೇ. ಆಂಧ್ರದಲ್ಲಿ ವಿಪ್ರವಿನೋದಿಗಳು ಎಂಬ ಜಾದೂಗಾರರ ಸಮುದಾಯವೇ ಇತ್ತು. ವಿಜಯನಗರ ಕಾಲದ ಶಾಸನಗಳಲ್ಲಿ ಅವರ ಹೆಸರು ಬರುತ್ತದೆ. ದಕ್ಷಿಣ ಭಾರತದ ಜಾತಿ, ಬುಡಕಟ್ಟುಗಳ ಕುರಿತ 1909ರ ಥರ್ಸ್ಟನ್ ಗ್ರಂಥದಲ್ಲಿ ಅವರ ಕುರಿತ ಟಿಪ್ಪಣಿ ಇರುವುದು ನಮ್ಮ ಮೈಸೂರು ಗೆಜೆಟಿಯರಿನ ಸಿ. ಹಯವದನರಾಯರದು. ಇನ್ನೂ ಹಿಂದಕ್ಕೆ ಹೋದರೆ ಶಂಕರಾಚಾರ್ಯರು. ಹಗ್ಗವನ್ನು ಆಕಾಶಕ್ಕೆ ಎಸೆದು ಹತ್ತುವ ‘ಇಂಡಿಯನ್ ರೋಪ್ ಟ್ರಿಕ್’ನ ಗದ್ದಲವೆಲ್ಲ 1890ರಲ್ಲಿ ಒಂದು ಶಿಕಾಗೋ ಪತ್ರಿಕೆ ಕಟ್ಟಿದ ಕಥೆಯಿಂದ ಎದ್ದದ್ದು ಎಂದು ಪಂಡಿತರು ತೋರಿಸಿದ್ದಾರೆ, ಪತ್ರಿಕೆಯೂ ಆಮೇಲೆ ಕಥೆ ಸುಳ್ಳೆಂದು ಒಪ್ಪಿಕೊಂಡಿತು. ಆದರೆ ಶಂಕರರ ಬ್ರಹ್ಮಸೂತ್ರ ಭಾಷ್ಯದ ಮೊದಲ ಅಧ್ಯಾಯದಲ್ಲೇ, ಕತ್ತಿ ಗುರಾಣಿ ಹಿಡಿದು ಹಗ್ಗದ ಮೇಲೆ ಆಕಾಶಕ್ಕೇರುವ ಮಾಯಾವಿ, ನೆಲದ ಮೇಲೆ ನಿಂತೇ ಇರುವ ನಿಜವಾದ ಮಾಯಾವಿ, ಈ ಇಬ್ಬರ ದೃಷ್ಟಾಂತ ಬರುತ್ತದೆ. ಆಟ ನಡೆದದ್ದುಂಟೋ ಇಲ್ಲವೋ, ಕೇಳುವವರಿಗೆ ಗೊತ್ತಿಲ್ಲದ ದೃಷ್ಟಾಂತವನ್ನು ಯಾವ ಭಾಷ್ಯಕಾರನೂ ಕೊಡುವುದಿಲ್ಲ. ನಾನು ಸಂಸ್ಕೃತ ಬಲ್ಲವನಲ್ಲ. ತೋರಿಸಿದವರು ಬ್ಯಾಂಕಿಗೆ ಪಿಂಚಣಿಗೆಂದು ಬರುತ್ತಿದ್ದ ಒಬ್ಬ ಶಾಸ್ತ್ರಿಗಳು.

1985ರಲ್ಲಿ ವಿಶಾಖಪಟ್ಟಣಕ್ಕೆ ವರ್ಗವಾಯಿತು. ರೈಲ್ವೆ ನಿಲ್ದಾಣದ ಹೆಸರು ಆಗಿನ್ನೂ ವಾಲ್ಟೇರು. ಡಾಬಾ ಗಾರ್ಡನ್ಸ್‌ನಲ್ಲಿ ಬಾಡಿಗೆ ಮನೆ. ವಿಜಯವಾಡದ ಬೆವರು ಕೈಯಲ್ಲಿತ್ತು, ಇಲ್ಲಿನದು ಗಾಳಿಯಲ್ಲೇ. ಇಸ್ಪೀಟು ಎಲೆ ಒಂದೇ ವಾರದಲ್ಲಿ ಉಬ್ಬಿ, ಕಟ್ಟು ಹಪ್ಪಳದ ಹಾಗೆ ಬಾಗುತ್ತಿತ್ತು. ಎಲೆ ಸರಾಗ ಜಾರಲೆಂದು ಟಾಲ್ಕಂ ಪೌಡರ್ ಹಚ್ಚಿದರೆ ತೇವ ಹೀರಿ ಅಂಟಾಗುತ್ತದೆ. ಝಿಂಕ್ ಸ್ಟಿಯರೇಟ್ ಪುಡಿ ಹಚ್ಚಬೇಕು, ಅದು ನೀರಿಗೆ ಸೇರುವುದಿಲ್ಲ. ಔಷಧಿ ಅಂಗಡಿಯವನಿಗೆ ಅದನ್ನು ಯಾಕೆ ಕೇಳುತ್ತೇನೆಂದು ವಿವರಿಸುವುದೇ ಒಂದು ಆಟ. ಒಂದಕ್ಕೊಂದು ಕೊಂಡಿಯಾಗಿಸುವ ಆಟದ ಉಕ್ಕಿನ ಬಳೆಗಳಿಗೆ ಉಪ್ಪುಗಾಳಿ ತಾಗಿ ಚುಕ್ಕೆ ಏಳುತ್ತಿತ್ತು. ಆಟದ ಹಿಂದಿನ ರಾತ್ರಿ ಹೆಂಡತಿ ಕೊಬ್ಬರಿ ಎಣ್ಣೆ ಸವರಿ ಒರೆಸಿ ಕೊಡುತ್ತಿದ್ದಳು, ಒರೆಸುತ್ತ, “ನಮ್ಮನೆ ಪಾತ್ರೆಗೆ ಇಷ್ಟು ಉಪಚಾರ ಎಂದಾದರೂ ಆಗಿದೆಯಾ” ಎನ್ನುತ್ತಿದ್ದಳು. ಬಳೆಗಳ ಗುಟ್ಟು ಗೊತ್ತಿದ್ದ ಮನೆಯ ಏಕೈಕ ವ್ಯಕ್ತಿ ಅವಳು. ಸ್ವಂತ ಅಕ್ಕನಿಗೂ ಹೇಳಲಿಲ್ಲ ಎಂಬುದು ನನಗೆ ಆಮೇಲೆ ತಿಳಿಯಿತು.

ವಿಶಾಖದಲ್ಲಿ ನನ್ನ ಬಾಯಿಗೆ ಕೆಲಸ ಇರಲಿಲ್ಲ. ನೌಕಾನೆಲೆ, ಹಡಗುಕಟ್ಟೆ, ಆಗ ಎದ್ದು ನಿಲ್ಲುತ್ತಿದ್ದ ಉಕ್ಕಿನ ಕಾರ್ಖಾನೆ. ಕಾಲೊನಿಯ ಕಾರ್ಯಕ್ರಮಕ್ಕೆ ಹೋದರೆ ಮುಂದಿನ ಸಾಲಿನಲ್ಲಿ ಬಂಗಾಳಿ, ಒಡಿಯಾ, ಪಂಜಾಬಿ, ಮಲಯಾಳಿ ಮಕ್ಕಳು. ಊರಿನವರದು ಉತ್ತರಾಂಧ್ರದ ಮಾತು, “ಏಟಿ ಸಾರ್ ಅದಿ?” (ಏನ್ ಸಾರ್ ಅದು?) ಎಂದು ಕೂಗುವ ಹುಡುಗರು. ನನ್ನ ಬಳ್ಳಾರಿ ತೆಲುಗಿನ ನಗೆಚಟಾಕಿ ಯಾರಿಗೂ ತಾಗುತ್ತಿರಲಿಲ್ಲ. ಮಾತು ಬಿಟ್ಟು, ಸಂಗೀತಕ್ಕೆ ಆಡಲು ಕಲಿತೆ. ಬಾಯಿ ಮುಚ್ಚಿದಾಗ ಗೊತ್ತಾದದ್ದು, ಪ್ರೇಕ್ಷಕ ನನ್ನ ಕೈ ನೋಡುವುದಿಲ್ಲ, ನಾನು ಎಲ್ಲಿ ನೋಡುತ್ತೇನೋ ಅಲ್ಲಿ ನೋಡುತ್ತಾನೆ ಎಂಬುದು. ನನಗೇ ಆಶ್ಚರ್ಯವಾಗದಿದ್ದರೆ ಅವನಿಗೂ ಆಗುವುದಿಲ್ಲ. ಇದನ್ನು ಬರೆಯತೊಡಗಿದ ಮೇಲೆ ಬರವಣಿಗೆಗೆ ಬೇರೆಯೇ ಜೀವ ಬಂತು. ಬಗೆ ಬಿಚ್ಚದೆಯೂ ಜಾದೂ ಬಗ್ಗೆ ಪುಟಗಟ್ಟಲೆ ಬರೆಯಬಹುದು; ಬರೆಯಬೇಕಾದದ್ದು ನೋಡುವವನ ಬಗ್ಗೆ.

ತೆಲುಗರಿಗೆ ಮಾಯಾಜಾಲದ ರುಚಿ ಹತ್ತಿಸಿದ್ದರಲ್ಲಿ ನಮ್ಮವರೊಬ್ಬರ ಪಾಲು ಸಾಕಷ್ಟಿದೆ ಎಂಬುದನ್ನು ಅಲ್ಲಿ ನಾನು ಹೆಮ್ಮೆಯಿಂದಲೇ ಹೇಳುತ್ತಿದ್ದೆ. ‘ಜಾನಪದ ಬ್ರಹ್ಮ’ ಎಂದು ಅವರು ಕೊಂಡಾಡುವ ಚಿತ್ರನಿರ್ದೇಶಕ ಬಿ. ವಿಠಲಾಚಾರ್ಯ ಉಡುಪಿ ಕಡೆಯ ಉದ್ಯಾವರದವರು. ‘ಜಗನ್ಮೋಹಿನಿ’ಯಂಥ ಚಿತ್ರಗಳ ದೆವ್ವ, ಮಾಂತ್ರಿಕರೆಲ್ಲ ಕ್ಯಾಮೆರಾ ನಿಲ್ಲಿಸಿ ಮತ್ತೆ ಓಡಿಸುವ ಸರಳ ಉಪಾಯದ ಮಕ್ಕಳು. ಜಗದಂಬ ಸೆಂಟರಿನಲ್ಲಿ ಚಹಾ ಕುಡಿಯುತ್ತ ಈ ಮಾತೆತ್ತಿದರೆ ನನ್ನ ಚಹಾದ ದುಡ್ಡು ಯಾರಾದರೂ ಕೊಟ್ಟುಬಿಡುತ್ತಿದ್ದರು.

ತೆಲುಗಿನಲ್ಲಿ ವೇದಿಕೆ ಮತ್ತು ಲೇಖನಿ ಎರಡನ್ನೂ ದೊಡ್ಡ ಪ್ರಮಾಣದಲ್ಲಿ ನಡೆಸಿದವರು ಬಿ. ವಿ. ಪಟ್ಟಾಭಿರಾಂ. ಹೈದರಾಬಾದಿನಲ್ಲಿದ್ದರು, ಜಾದೂಗಾರ, ಸಂಮೋಹನ ತಜ್ಞ, ಆಮೇಲೆ ವ್ಯಕ್ತಿತ್ವ ವಿಕಸನದ ಲೇಖಕ. 2025ರಲ್ಲಿ, ತಮ್ಮ 75ನೆಯ ವಯಸ್ಸಿನಲ್ಲಿ ತೀರಿಕೊಂಡಾಗ ಬಂದ ಶ್ರದ್ಧಾಂಜಲಿಗಳಲ್ಲಿ ಅವರ ಆಟವನ್ನು ನೋಡಿದವರಿಗಿಂತ ಅವರ ಪುಸ್ತಕ ಓದಿ ಪರೀಕ್ಷೆಯ ಹೆದರಿಕೆ ಕಳೆದುಕೊಂಡವರೇ ಹೆಚ್ಚಿದ್ದರು. ವ್ಯಕ್ತಿತ್ವ ವಿಕಸನದ ಪುಸ್ತಕಗಳ ಮೇಲೆ ನನಗೆ ಅಂಥ ಒಲವೇನಿಲ್ಲ. ಆದರೆ ಅವರು ಹಿಡಿದ ದಾರಿಯ ಜಾಣತನವನ್ನು ಮೆಚ್ಚುತ್ತೇನೆ. ಜಾದೂವಿನಿಂದ ಮನಸ್ಸಿನ ವಿದ್ಯೆಯನ್ನಷ್ಟೇ ಬೇರ್ಪಡಿಸಿ ಜನರಿಗೆ ಹಂಚಿದರು, ಯಾರ ಕೂಳಿಗೂ ಕೈ ಹಾಕಲಿಲ್ಲ.

ಗುಟ್ಟು ಬಯಲು ಮಾಡುವವನ ಕೈಯಲ್ಲಿ ಯಾರ ಕೋಲಿದೆ ಎಂಬ ಪ್ರಶ್ನೆಯೂ ಉಂಟು. 1856ರಲ್ಲಿ ಫ್ರೆಂಚ್ ಸರಕಾರ ರಾಬರ್ಟ್ ಹೂಡೀನ್ ಎಂಬ ಹೆಸರಾಂತ ಜಾದೂಗಾರನನ್ನು ಅಲ್ಜೀರಿಯಾಕ್ಕೆ ಕಳಿಸಿತು. ಅಲ್ಲಿನ ಫಕೀರರ ಪವಾಡಗಳಿಗೆ ಜನ ಮರುಳಾಗಿ ಬಂಡಾಯವೇಳುತ್ತಾರೆ, ಅವರಿಗಿಂತ ದೊಡ್ಡ ಪವಾಡ ತೋರಿಸಿ ಬಾ ಎಂದು. ಜಟ್ಟಿಯೂ ಎತ್ತಲಾಗದ ಪೆಟ್ಟಿಗೆ ತೋರಿಸಿ ಆತ ಗೆದ್ದು ಬಂದ, ಅದನ್ನೆಲ್ಲ ಆತ್ಮಕಥೆಯಲ್ಲಿ ಹೆಮ್ಮೆಯಿಂದ ಬರೆದ. ಒಳ್ಳೆಯ ಪುಸ್ತಕ, ಓದುವಾಗ ನನಗೆ ಮಾತ್ರ ಅಲ್ಜೀರಿಯಾದವನ ಕಡೆ ಕೂತೇ ಓದಬೇಕೆನಿಸುತ್ತದೆ. ರಾಬರ್ಟ್ ಹೂಡೀನನ ಹೆಸರನ್ನೇ ಕಟ್ಟಿಕೊಂಡ ಹೂಡಿನಿ ಮುಂದೆ 1908ರಲ್ಲಿ ಗುರುವಿನ ಮಾನ ಕಳೆಯುವ ಪುಸ್ತಕವನ್ನೂ, 1924ರಲ್ಲಿ ಸತ್ತವರ ಜೊತೆ ಮಾತಾಡಿಸುತ್ತೇವೆ ಎನ್ನುತ್ತಿದ್ದ ವಂಚಕರ ಬಣ್ಣ ಬಯಲು ಮಾಡುವ ಪುಸ್ತಕವನ್ನೂ ಬರೆದ. ಎರಡನೆಯದಕ್ಕೆ ನಾನು ಕೈ ಮುಗಿಯುತ್ತೇನೆ, ಮೊದಲನೆಯದು ಬರೀ ಹೊಟ್ಟೆಕಿಚ್ಚು.

ನಿವೃತ್ತಿಯ ಮೇಲೂ ವಿಶಾಖದಲ್ಲೇ ಉಳಿದೆವು. 2014ರ ಅಕ್ಟೋಬರ್ 12ರಂದು ಹುದ್‌ಹುದ್ ಚಂಡಮಾರುತ ಊರ ಮೇಲೇ ಹಾಯಿತು. ಮಹಡಿಯ ಮೇಲಿನ ಕೋಣೆಯ ಶೀಟುಗಳು ಹಾರಿಹೋದವು. ಆಟದ ಪೆಟ್ಟಿಗೆ ಅಲ್ಲೇ ಇತ್ತು, ಅದರ ಪಕ್ಕ ಲೇಖನಗಳ ಕತ್ತರಿಕೆ, ಟಿಪ್ಪಣಿ ಪುಸ್ತಕಗಳ ರಟ್ಟಿನ ಡಬ್ಬ. ಬಳೆ, ಚೊಂಬು, ಕೊಳವೆ ಒರೆಸಿಟ್ಟರೆ ಮೊದಲಿನಂತಾದವು. ಕಾಗದ ಮುದ್ದೆಯಾಯಿತು. ಈಗ ಬರೆಯುತ್ತಿರುವ ಪುಸ್ತಕ ಅದಕ್ಕೇ ಬಹುಪಾಲು ನೆನಪಿನಿಂದ.

ಬೆಂಗಳೂರಿನ ಪ್ರಕಾಶಕರೊಬ್ಬರು ಹಸ್ತಪ್ರತಿ ತರಿಸಿಕೊಂಡು ಓದಿದರು. ಹುಡುಗರೆಲ್ಲ ಮೊಬೈಲಿನಲ್ಲಿ ಎಲ್ಲ ಟ್ರಿಕ್ಕೂ ನೋಡಿಬಿಟ್ಟಿರುವಾಗ ಬಚ್ಚಿಡುವುದರಲ್ಲಿ ಏನರ್ಥ ಎಂದು ಅವರ ಪ್ರಶ್ನೆ. ನ್ಯಾಯವಾದ ಪ್ರಶ್ನೆಯೇ. ಮೊಬೈಲಿನಲ್ಲಿ ಬಗೆ ಕಲಿತ ಹುಡುಗರು ನನ್ನ ಹತ್ತಿರವೂ ಬರುತ್ತಾರೆ. ಕೈ ಚುರುಕಾಗಿರುತ್ತದೆ, ಕಣ್ಣು ಮಾತ್ರ ತಮ್ಮ ಕೈಯ ಮೇಲೇ ಇರುತ್ತದೆ. ಅವರಿಗೆ ನಾನು ಹೇಳಿಕೊಡುವುದು ತಲೆ ಎತ್ತಲು. ಪ್ರಕಾಶಕರಿಗೆ ಭಸ್ಮದ ಅಧ್ಯಾಯ ತುಂಬ ಹಿಡಿಸಿತು, ಪುಸ್ತಕಕ್ಕೆ ‘ಜಾದೂ ರಹಸ್ಯ ಬಯಲು’ ಎಂದೇ ಹೆಸರಿಡೋಣ ಎಂದರು. ಬಂದರ್ ಕಾಲುವೆಯ ತಾತನ ಅಧ್ಯಾಯ ಓದಿ ಫೋನು ಮಾಡಿದರು. “ಸಾರ್, ಹದಿನೆಂಟು ಪುಟ ಇದೆ, ಬಟ್ಟಲಿನೊಳಗೆ ಚೆಂಡು ಹೋಗೋದು ಹೇಗೆ ಅಂತಲೇ ಬರೆದಿಲ್ಲವಲ್ಲ?”

ಬರೆಯುವುದಿಲ್ಲ ಎಂದೆ. ಹೆಸರು ಬೇಕಾದರೆ ಬದಲಾಯಿಸಿಕೊಳ್ಳಿ, ಅಧ್ಯಾಯ ಹಾಗೇ ಇರಲಿ ಎಂದೂ ಹೇಳಿದೆ. ನೋಡೋಣ ಸಾರ್, ಕಾಗದದ ರೇಟು ಸ್ವಲ್ಪ ಇಳೀಲಿ, ಎಂದಿದ್ದಾರೆ.